ಬಂಡೆ ಕಡೆ ಬೀಳಿ

ಆಗಸ್ಟ್ ಮುಗಿಯುವ ಹೊತ್ತಿಗೆ ವಿಲ್ಮಾ ಟ್ರಾಸ್ಕ್‌ಗೆ ಮನುಷ್ಯರ ಮುಖ ಕಂಡರೇ ಸಾಕಪ್ಪಾ ಸಾಕು ಅನಿಸುತ್ತಿತ್ತು. ಜೂನ್‌ನಿಂದ ಹಿಡಿದು ವಾರಕ್ಕೊಂದು ಹೊಸ ತಂಡ, ಹೊಸ ಟೋಪಿಗಳು, ಅವೇ ಹಳೇ ಪ್ರಶ್ನೆಗಳು. ಇಲ್ಲಿ ಹಾವು ಇದೆಯೇ? ನೀರು ಎಷ್ಟು ಆಳ? ಕೊನೆಗೆ ನಾವು ಹೊರಟ ಜಾಗಕ್ಕೇ ಬಂದು ಸೇರುತ್ತೇವಲ್ಲವೇ? ನದಿ ಸುತ್ತು ಹಾಕಿಕೊಂಡು ಹರಿಯುವುದಿಲ್ಲ ತಾಯಿ, ಒಂದೇ ಕಡೆಗೆ ಹೋಗುತ್ತದೆ ಎಂದು ಅವಳು ಮೊದಮೊದಲು ವಿವರಿಸಿ ಹೇಳುತ್ತಿದ್ದಳು. ಈಗ "ಹೂಂ, ಅಲ್ಲಿಗೇ ಬರ್ತೀವಿ" ಅಂದು ಹಗ್ಗ ಬಿಗಿಯುವ ಕೆಲಸಕ್ಕೆ ಬಗ್ಗುತ್ತಿದ್ದಳು. ಅರವತ್ತು ದಾಟಿದ ಮೇಲೆ ನಿಜ ಹೇಳುವುದಕ್ಕೂ ತ್ರಾಣ ಬೇಕು.

ನಮ್ಮ ಹ್ಯಾಲ್ಸಿ ಊರಿಗೆ ಬೇಸಿಗೆ ಅಂದರೆ ಟಾಲೋ ನದಿ, ಟಾಲೋ ನದಿ ಅಂದರೆ ರಬ್ಬರ್ ದೋಣಿ. ಐಡಾಹೋದ ಈ ಮೂಲೆಯಲ್ಲಿ ಬೇರೆ ಇರುವುದೇನು? ಮರ ಕೊಯ್ಯುವ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಆ ಕಾರ್ಖಾನೆಯನ್ನು ನಂಬಿಕೊಂಡೇ ವಿಲ್ಮಾ ಇಪ್ಪತ್ತರ ಹರೆಯದಲ್ಲಿ ಗಂಡ ರಾಯ್‌ನ ಹಿಂದೆ ಇಲ್ಲಿಗೆ ಬಂದವಳು. ಕಾರ್ಖಾನೆ ಮುಚ್ಚಿದ ವರ್ಷ ರಾಯ್ ಕೆಲಸ ಹುಡುಕಲು ನೆವಾಡಾಕ್ಕೆ ಹೋದ. ಕೆಲಸವೂ ಸಿಕ್ಕಿತು, ಇನ್ನೊಬ್ಬಳೂ ಸಿಕ್ಕಳು. ವಿಲ್ಮಾ ಅಳುತ್ತಾ ಕೂರುವ ಪೈಕಿ ಅಲ್ಲ. ದೋಣಿ ಯಾತ್ರೆ ನಡೆಸುತ್ತಿದ್ದ ಹ್ಯಾಂಕ್ ಬೆನಿಂಗ್‌ನ ಹತ್ತಿರ ಅಡುಗೆಯವಳಾಗಿ ಸೇರಿಕೊಂಡಳು. ಒಂದು ಸಲ ದೋಣಿ ನಡೆಸುವವನು ಜ್ವರ ಬಂದು ಮಲಗಿದಾಗ, ಹ್ಯಾಂಕ್ ಅವಳ ಕೈಯಿಂದ ಸೌಟು ಕಿತ್ತುಕೊಂಡು ದೋಣಿಯ ಹುಟ್ಟು ಕೊಟ್ಟ.

"ನೀರಿನ ಜತೆ ಜಗಳ ಆಡ್ಬೇಡ," ಅಂದಿದ್ದ ಅವನು. "ಅದು ಎಲ್ಲಿಗೆ ಹೊರಟಿದೆ ನೋಡ್ಕೋ. ನೀನು ಅದಕ್ಕಿಂತ ಒಂದು ಗೇಣು ಈಚೆಗೆ ಹೋಗು. ಅಷ್ಟೇ ವಿದ್ಯೆ."

ಅಷ್ಟೇ ವಿದ್ಯೆಯಲ್ಲಿ ವಿಲ್ಮಾಳ ಆಯುಷ್ಯ ಕಳೆಯಿತು. ಚಳಿಗಾಲದಲ್ಲಿ ಅವಳು ಶಾಲೆಯ ಬಸ್ಸು ಓಡಿಸುತ್ತಾಳೆ. ಅಲ್ಲಿ ಅವಳು ಮಿಸೆಸ್ ಟ್ರಾಸ್ಕ್. ಕನ್ನಡಿಯಲ್ಲಿ ಹಿಂದಿನ ಸೀಟಿನ ಪುಂಡರನ್ನು ಗದರಿಸುವ, ಯಾರೂ ಹೆಸರು ಹಿಡಿದು ಕರೆಯದ ಹೆಂಗಸು. ಮಂಜು ಕರಗಿ ನದಿ ಮೈದುಂಬಿದರೆ ಮಾತ್ರ ಅವಳು ವಿಲ್ಮಾ. ದೋಣಿಯ ನಡುವಿನ ಪೆಟ್ಟಿಗೆಯ ಮೇಲೆ, ಎರಡು ಕೈಯಲ್ಲಿ ಎರಡು ಹುಟ್ಟು ಹಿಡಿದು ಕೂತಾಗ ಮಾತ್ರ ಅವಳಿಗೆ ತಾನೂ ಒಬ್ಬಳು ಇದ್ದೇನೆ ಅನಿಸುತ್ತಿತ್ತು. ಭುಜ ಕೈಕೊಟ್ಟು ನಾಲ್ಕಾರು ವರ್ಷವಾದರೂ, ಬೆಳಗ್ಗೆ ಜಾಕೆಟ್ಟಿನ ತೋಳಿಗೆ ಕೈ ತೂರಿಸುವಾಗ ಜೀವ ಬಾಯಿಗೆ ಬಂದರೂ, ಅವಳು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಕುದುರೆಗೆ ಹಚ್ಚುವ ಎಣ್ಣೆ ಹಚ್ಚಿಕೊಂಡು ಹುಟ್ಟು ಹಿಡಿಯುತ್ತಿದ್ದಳು. ದೋಣಿಯವರೆಲ್ಲರಿಗೂ ಆ ವಾಸನೆ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇರುತ್ತಿದ್ದರು.

ಹ್ಯಾಂಕ್ ಸತ್ತ ಮೇಲೆ ಮಗಳು ಕೋರಾ ಯಜಮಾನಿಯಾದಳು. ಬರೀ ನದಿ ತೋರಿಸಿದರೆ ಜನ ಬರುವುದಿಲ್ಲ ಎಂದು ಅವಳೇ ನಾಟಕದವರನ್ನು ಕರೆತಂದದ್ದು. ಹಗಲೆಲ್ಲ ದೋಣಿ, ಸಂಜೆ ಮರಳ ದಿಬ್ಬದ ಮೇಲೆ ನಾಟಕ; ದಿನಕ್ಕೊಂದು ಅಂಕ, ಮೂರು ಸಂಜೆಗೆ ಮುಗಿಯುವ ಕಥೆ. ಬೆಟ್ಟದ ಗೋಡೆಯೇ ಹಿಂದಿನ ಪರದೆ, ಇಳಿಬಿಸಿಲೇ ದೀಪ. ಊರಿನವರೆಲ್ಲ ಮೊದಲು ಮೂಗು ಮುರಿದರು. ಆದರೆ ಜನ ಮುಗಿಬಿದ್ದು ಬಂದರು. ನಾಟಕದವರು ಒಂದು ಗಂಟು ಹೊರುವವರಲ್ಲ, ಗುಡಾರದ ಗೂಟ ಹೊಡೆಯಲು ಬರುವವರಲ್ಲ, ತಟ್ಟೆ ಹಿಡಿದು ನಿಂತರೆ ಮಾತ್ರ ಎಲ್ಲರಿಗಿಂತ ಮುಂದೆ. ಆದರೂ ಅವರಿಂದಲೇ ಕಂಪನಿ ಉಳಿಯಿತು ಅನ್ನುವುದನ್ನು ವಿಲ್ಮಾ ಕೂಡ ಒಪ್ಪುತ್ತಿದ್ದಳು, ಗೊಣಗುತ್ತಲೇ.

ತಂಡದ ಹಿರಿಯ ಎಮ್ಮೆಟ್ ಲಾರ್ಕಿನ್. ನಾಟಕ ಬರೆದವನೂ ಅವನೇ, ಅದರಲ್ಲಿ ದೊರೆಯಾಗುವವನೂ ಅವನೇ. ದೋಣಿ ಮುಳುಗಿ ರಾಜ್ಯ ಕಳೆದುಕೊಂಡ ದೊರೆಯೊಬ್ಬ ಮರಳ ದಿಬ್ಬಕ್ಕೆ ಬಂದು ಬಿದ್ದು, ಅದನ್ನೇ ರಾಜ್ಯ ಅಂದುಕೊಂಡು ಆಳುವ ಕಥೆ. ಎರಡು ವರ್ಷದ ಹಿಂದೆ ಅವನಿಗೆ ಒಂದು ಉಪಾಯ ಹೊಳೆಯಿತು. ಎರಡನೇ ಅಂಕದಲ್ಲಿ ದೊರೆ ಎದೆಯುಬ್ಬಿಸಿ, ನಾನು ನೀರಿಗೆ ಹೆದರಿದವನೇ ಅಲ್ಲ ಎಂದು ಕೊಚ್ಚಿಕೊಳ್ಳುವಾಗ, ಅಡುಗೆ ಒಲೆಯ ಕಡೆಯಿಂದ ನಿಜವಾದ ವಿಲ್ಮಾ ಸೌಟು ಹಿಡಿದು ಓಡಿ ಬಂದು "ಬಂಡೆ ಕಡೆ! ಬಂಡೆ ಕಡೆ ಬೀಳಿ!" ಎಂದು ಕಿರುಚಬೇಕು.

ಈ ಮಾತು ದೋಣಿಯಲ್ಲಿ ಕೂತವರಿಗೆ ಮೊದಲ ದಿನವೇ ಕಲಿಸುವ ಪಾಠ. ದೋಣಿ ಬಂಡೆಗೆ ಅಡ್ಡಲಾಗಿ ಬಡಿದರೆ ಮನುಷ್ಯ ಸಹಜವಾಗಿ ಬಂಡೆಯಿಂದ ಆಚೆಗೆ ಸರಿಯುತ್ತಾನೆ. ಆಗ ಆಚೆ ಬದಿ ತಗ್ಗಿ, ನೀರು ಅದರ ಮೇಲೇರಿ ದೋಣಿ ಮಗುಚುತ್ತದೆ. ಹಾಗಾಗಿ ಹೆದರಿಕೆ ಎಷ್ಟೇ ಇದ್ದರೂ ಎಲ್ಲರೂ ಬಂಡೆಯ ಕಡೆಗೇ ಬೀಳಬೇಕು. ಅಪ್ಪಿಕೊಂಡೇ ಬಿಡಬೇಕು.

"ಎಮ್ಮೆಟ್, ಆ ಮಾತೊಂದನ್ನ ಆಟಕ್ಕೆ ಇಟ್ಕೋಬೇಡ," ಎಂದು ವಿಲ್ಮಾ ಆಗಲೇ ಹೇಳಿದ್ದಳು. "ಅದು ನನ್ನ ಕೆಲಸದ ಮಾತು."

"ಅದಕ್ಕೇ ಅಲ್ವಾ ಕ್ಯಾಪ್ಟನ್ ಮಜಾ! ಜನಕ್ಕೆ ಪಾಠಾನೂ ಮರೆಯಲ್ಲ, ನಗೂನೂ ಬರುತ್ತೆ. ಒಂದು ಕಲ್ಲಿಗೆ ಎರಡು ಹಕ್ಕಿ."

"ಹಕ್ಕಿ ನನ್ನ ತಲೆ ಮೇಲೆ ಬೀಳತ್ತೆ."

ಕೋರಾ ನಡುವೆ ಬಂದು, "ಜನಕ್ಕೆ ನಿನ್ನ ಕಂಡರೆ ಇಷ್ಟ ಆಂಟಿ, ಒಂದು ಸಲ ಮಾಡಿ ನೋಡು" ಅಂದಳು. ವಾದ ಮಾಡುವುದಕ್ಕಿಂತ ಕಿರುಚುವುದೇ ಸುಲಭ ಅನಿಸಿ ವಿಲ್ಮಾ ಒಪ್ಪಿದಳು. ಎಮ್ಮೆಟ್ ಶ್ರದ್ಧೆಯಿಂದ ಕಲಿಸಿದ: "ಕಿರುಚಿದ ಮೇಲೆ ನಿಂತುಬಿಡು. ಕೈಯೆರಡೂ ಗಾಳಿಯಲ್ಲಿ ಹಾಗೇ ಇರಲಿ. ಬೆರಳೂ ಅಲ್ಲಾಡಿಸಬಾರದು. ನಗು ಏರಲಿ, ಇಳಿಯಲಿ. ಅರ್ಧ ಇಳಿದಾಗ ಮುಂದಿನ ಮಾತು. ಅವಸರ ಮಾಡಿದ್ಯೋ, ನಗು ಸತ್ತುಹೋಯ್ತು." ಮುಂದಿನ ಮಾತು ಇಷ್ಟೇ: "ಏನಿಲ್ಲ ಮಹಾಪ್ರಭು, ಕಾಫಿ ಉಕ್ತು." ಅಷ್ಟರಲ್ಲಿ ದೊರೆ ಹೆದರಿ ಅಂಗಾತ ಬಿದ್ದು ಕಾಲು ಒದರುತ್ತಿರುತ್ತಾನೆ. ಜನ ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಾರೆ.

ಅವಳಿಗೆ ಅದು ಇಷ್ಟವಾಗತೊಡಗಿತು ಅನ್ನುವುದನ್ನು ನಾನೇ ಹೇಳಬೇಕು, ಅವಳಂತೂ ಹೇಳುವವಳಲ್ಲ. ಕೈ ಮೇಲೆತ್ತಿ ನಿಂತ ಆ ಕ್ಷಣದಲ್ಲಿ ಭುಜದ ನೋವೂ ನೆನಪಿಗೆ ಬರುತ್ತಿರಲಿಲ್ಲ. ಸಂಜೆಯ ಮರಳಿನಲ್ಲಿ ಅಷ್ಟು ಜನ ತನ್ನೊಬ್ಬಳನ್ನೇ ನೋಡಿ ನಗುತ್ತಿದ್ದರು, ಆ ನಗು ತಾನು ಹೇಳಿದಷ್ಟು ಹೊತ್ತು ನಿಲ್ಲುತ್ತಿತ್ತು. ಅವಳ ಬಾಳಿನಲ್ಲಿ ಬೇರೆ ಯಾರೂ ಅವಳು ಹೇಳಿದಷ್ಟು ಹೊತ್ತು ನಿಂತವರಲ್ಲ.

ಇನ್ನು ಬೂಟಿನ ವಿಷಯ. ನದಿಯವರಲ್ಲಿ ಒಂದು ಪದ್ಧತಿ ಇದೆ: ದೋಣಿ ಮಗುಚಿದವರು ತಮ್ಮದೇ ಒದ್ದೆ ಬೂಟಿನಲ್ಲಿ ಬಿಯರ್ ಸುರಿದುಕೊಂಡು ಎಲ್ಲರೆದುರು ಕುಡಿಯಬೇಕು. ಮರಳು, ಬೆವರು, ಪಾಚಿ ಎಲ್ಲ ಸೇರಿ. ಕುಡಿದರೆ ಮುಗಿಯಿತು, ಆಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ. ಹ್ಯಾಂಕ್ ಇದಕ್ಕೆ ತನ್ನದೊಂದು ನಿಯಮ ಸೇರಿಸಿದ್ದ. ಯಾತ್ರೆ ಮುಗಿದು ದಡ ಸೇರಿದಾಗ ಒಡೆಯನ ಎದುರಿಗೇ ಕುಡಿಯಬೇಕು. ಒಂದೇ ಬೇಸಿಗೆಯಲ್ಲಿ ಎರಡು ಸಲ ಕುಡಿದವರು ಹುಟ್ಟು ಕೆಳಗಿಟ್ಟು, ಜನರನ್ನು ನದಿಗೆ ಬಿಟ್ಟು ಕರೆತರುವ ವ್ಯಾನಿನ ಕೀಲಿ ತೆಗೆದುಕೊಳ್ಳಬೇಕು. ಆ ನಿಯಮಕ್ಕೆ ಅವನೇ ಸಿಕ್ಕಿಬಿದ್ದ. ಎರಡನೇ ಸಲ ಕುಡಿದ ದಿನ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ವ್ಯಾನ್ ಓಡಿಸಿದವಳು ವಿಲ್ಮಾ. ಮುದುಕ ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಾ ಬಂದ. ಅವಳಿಗೆ ಮೈಯೆಲ್ಲ ಉರಿದು ಹೋಗಿತ್ತು. ಹುಟ್ಟು ಹೋದ ದಿನವೂ ಸಿಳ್ಳೆ ಹಾಕುತ್ತಾನಲ್ಲ, ಮಾನವಿಲ್ಲದವನು, ಎಂದು ಅವಳು ಊರು ಬರುವವರೆಗೂ ಅವನ ಕಡೆ ತಿರುಗಿ ನೋಡಿರಲಿಲ್ಲ.

ಈ ಬೇಸಿಗೆ ವಿಲ್ಮಾ ಜೂನ್‌ನಲ್ಲೇ ಒಮ್ಮೆ ಕುಡಿದಾಗಿತ್ತು. ತುಂಬಿದ ನದಿ, ಯಾರಿಗಾದರೂ ಆಗುವಂಥದ್ದು. ಆದರೂ ಅವತ್ತು ಕೋರಾ ಆಂಟಿ ಅನ್ನುವುದನ್ನು ಬಿಟ್ಟು, "ವಿಲ್ಮಾ, ಇನ್ನೊಂದಾದ್ರೆ ವ್ಯಾನು. ಆಮೇಲೆ ನನಗೆ ಹೇಳೋಕೆ ಬಾಯಿ ಬರಲ್ಲ, ಈಗಲೇ ಹೇಳಿಬಿಡ್ತೀನಿ" ಅಂದಿದ್ದಳು. ಅಲ್ಲಿಂದ ಈಚೆಗೆ ವಿಲ್ಮಾ ಪ್ರತಿ ಯಾತ್ರೆಯನ್ನೂ ಉಸಿರು ಬಿಗಿಹಿಡಿದೇ ಮುಗಿಸಿದ್ದಳು. ವ್ಯಾನು ಅಂದರೆ ಚಳಿಗಾಲದಲ್ಲೂ ಬಸ್ಸು, ಬೇಸಿಗೆಯಲ್ಲೂ ಬಸ್ಸು. ವರ್ಷವಿಡೀ ಮಿಸೆಸ್ ಟ್ರಾಸ್ಕ್.

ಉಳಿದದ್ದು ಇದೊಂದೇ ಯಾತ್ರೆ.

ಕಾಡಿಗೆ ಬೆಂಕಿ ಬಿದ್ದು ಎರಡು ವಾರವಾಗಿತ್ತು. ದೂರದ ಬೆಂಕಿಯಾದರೂ ಹೊಗೆ ಕಣಿವೆಯಲ್ಲಿ ಇಳಿದು ಕೂತು, ಸೂರ್ಯ ಹಳಸಿದ ಕಿತ್ತಳೆಯ ಬಣ್ಣಕ್ಕೆ ತಿರುಗಿದ್ದ. ನೀರು ಇಳಿದು ಬಂಡೆಗಳು ಎದ್ದಿದ್ದವು. ಎರಡು ದೋಣಿ. ಸಾಮಾನು ಸರಂಜಾಮು, ನಾಟಕದ ಉಳಿದವರು ಇದ್ದ ಒಂದನ್ನು ನಡೆಸುವವನು ಡಸ್ಟಿ. ಮೂವತ್ತೈದರ ಗಟ್ಟಿ ಆಳು, ಅವನಿಗೆ ಹುಟ್ಟು ಹಿಡಿಯಲು ಕಲಿಸಿದವಳು ವಿಲ್ಮಾಳೇ. ಅವಳ ದೋಣಿಯಲ್ಲಿ ಬಾಯ್ಸಿ ಪಟ್ಟಣದ ಒಂದು ಚರ್ಚಿನ ಹಾಡುಗಾರ್ತಿಯರು, ಎಲ್ಲರೂ ಎಪ್ಪತ್ತರ ಆಸುಪಾಸಿನವರು. ಅವರ ಮುಂದಾಳು ರೂತಾನ್, ನಿವೃತ್ತ ಟೀಚರು, ಮಾತಿಗೆ ಮುಂಚೆ ಚಪ್ಪಾಳೆ ತಟ್ಟಿ ಎಲ್ಲರನ್ನೂ ಸುಮ್ಮನಾಗಿಸುವ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ. ಜತೆಗೆ ಎಮ್ಮೆಟ್ ಮತ್ತು ಅವನ ವೇಷದ ಪೆಟ್ಟಿಗೆ.

"ವಿಲ್ಮಾ, ನೀವು ನಮ್ಮ ಜತೆ ಹಾಡ್ಬೇಕು," ಎಂದು ರೂತಾನ್ ಮೊದಲ ದಿನವೇ ಹುಕುಂ ಮಾಡಿದಳು.

"ನಾನು ಹಾಡಿದ್ರೆ ಮೀನು ದಡಕ್ಕೆ ಹತ್ತತ್ತೆ."

"ಒಳ್ಳೇದೇ ಆಯ್ತು, ರಾತ್ರಿಗೆ ಹುರಿಯೋಣ!"

ಎರಡನೇ ಸಂಜೆಯ ಆಟ ಹಿಂದೆಂದೂ ಆಗದಷ್ಟು ಚೆನ್ನಾಗಿ ಆಯಿತು. ವಿಲ್ಮಾ ಸೌಟು ಹಿಡಿದು ಓಡಿ ಬಂದು ಕಿರುಚಿ, ಕೈ ಮೇಲೆತ್ತಿ ನಿಂತಳು. ಹಾಡುಗಾರ್ತಿಯರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ನಗು ಇಳಿಯಿತು ಅನ್ನುವಷ್ಟರಲ್ಲಿ ರೂತಾನ್ ಮತ್ತೆ ಕಿಸಕ್ಕೆಂದಳು, ಎಲ್ಲರೂ ಇನ್ನೊಂದು ಸುತ್ತು ಶುರು ಮಾಡಿದರು. ವಿಲ್ಮಾ ಕಾದಳು. ಸರಿಯಾದ ಹೊತ್ತಿಗೆ ಕಾಫಿಯ ಮಾತು ಬಿಟ್ಟಳು. ಆಮೇಲೆ ಪಾತ್ರೆ ಉಜ್ಜುವಾಗ ಎಮ್ಮೆಟ್ ಹತ್ತಿರ ಬಂದು, "ಕ್ಯಾಪ್ಟನ್, ಇನ್ನು ನಿನಗೆ ಕಲಿಸೋದು ಏನೂ ಉಳಿದಿಲ್ಲ" ಅಂದ. ಅವಳು "ಹೋಗೋ, ಆ ತಪ್ಪಲೆ ಒರೆಸು" ಅಂದಳು. ಒಳಗೊಳಗೇ ಹಿಗ್ಗಿದಳು.

ಮರುದಿನ ಮಧ್ಯಾಹ್ನ ಹಂದಿಗಂಟಲು. ಟಾಲೋದ ಸೆಳವುಗಳಲ್ಲೆಲ್ಲ ಕಿರಿದಾದದ್ದು. ನದಿ ಒಮ್ಮೆಲೇ ಎಡಕ್ಕೆ ಹೊರಳುತ್ತದೆ, ಹೊರಳುವ ಜಾಗದಲ್ಲೇ ಮನೆಯಷ್ಟು ದೊಡ್ಡ ಕರಿಬಂಡೆ. ವಿಲ್ಮಾ ಅದನ್ನು ಎಷ್ಟು ಸಲ ದಾಟಿದ್ದಳೆಂದು ಲೆಕ್ಕವೇ ಇಲ್ಲ. ಡಸ್ಟಿ ಮುಂದೆ ಹೋದ, ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಇಳಿದ. ಅವಳ ದೋಣಿ ಇಳಿಯುವಾಗ ನೀರಿನಡಿಯ ಹೊಸದೊಂದು ಕಲ್ಲು ಹಿಂಬದಿಗೆ ತಗುಲಿತು. ದೋಣಿ ಸ್ವಲ್ಪವೇ ತಿರುಗಿತು, ಅಡ್ಡಡ್ಡವಾಗಿ ಬಂಡೆಯ ಕಡೆ ಸಾಗಿತು. ಆಗಲೂ ಕಾಲ ಮಿಂಚಿರಲಿಲ್ಲ. ಎಡಗೈಯ ಹುಟ್ಟನ್ನು ಒಂದು ಸಲ ಬಲವಾಗಿ ಎಳೆದರೆ ಮೂತಿ ತಿರುಗಿ, ಬಂಡೆಯನ್ನು ಸವರಿಕೊಂಡು ದೋಣಿ ಆಚೆಗೆ ಹೋಗುತ್ತಿತ್ತು.

"ಬಂಡೆ ಕಡೆ!" ಎಂದು ವಿಲ್ಮಾ ಕೂಗಿದಳು. "ಬಂಡೆ ಕಡೆ ಬೀಳಿ!"

ಎಮ್ಮೆಟ್ ಯೋಚನೆಯನ್ನೇ ಮಾಡಲಿಲ್ಲ. ಎರಡು ಬೇಸಿಗೆಯಿಂದ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನ ಮೈ ಮಾಡುತ್ತಿದ್ದುದನ್ನೇ ಮಾಡಿತು. ಕೈ ಚೆಲ್ಲಿ ಅಂಗಾತ ಬಿದ್ದ, ಬೀಳಬಾರದ ಬದಿಗೆ. ಹಾಡುಗಾರ್ತಿಯರು ಹೋ ಎಂದು ನಕ್ಕರು. ರೂತಾನ್ ಚಪ್ಪಾಳೆ ತಟ್ಟಿ, "ಮಹಾಪ್ರಭು, ಕಾಫಿ ಉಕ್ತು!" ಎಂದು ಕೂಗಿದಳು. ಒಬ್ಬರೂ ಜಾಗ ಬಿಟ್ಟು ಕದಲಲಿಲ್ಲ.

ದೋಣಿ ಬಂಡೆಗೆ ಬಡಿಯಿತು. ಆಚೆ ಬದಿಯ ಮೇಲೆ ನೀರು ಹತ್ತಿತು, ನಗು ಇನ್ನೂ ಬಾಯಲ್ಲಿರುವಾಗಲೇ ಎಲ್ಲರೂ ನದಿಯಲ್ಲಿದ್ದರು.

ಕೆಳಗೆ ಡಸ್ಟಿ ಕಾದಿದ್ದ. ಒಬ್ಬೊಬ್ಬರನ್ನೇ ಜಾಕೆಟ್ಟಿನ ಪಟ್ಟಿ ಹಿಡಿದು ಎಳೆದುಕೊಂಡ. ಯಾರ ಜೀವಕ್ಕೂ ಏನೂ ಆಗಲಿಲ್ಲ, ದೇವರು ದೊಡ್ಡವನು. ರೂತಾನ್‌ಳ ಮೊಣಕಾಲು ಕುಂಬಳಕಾಯಿಯಂತೆ ಊದಿತು. ವೇಷದ ಪೆಟ್ಟಿಗೆ ದೊರೆಯ ಕಿರೀಟದ ಸಮೇತ ತೇಲಿ ಹೋಯಿತು. ಮರಳಿನ ಮೇಲೆ ಕೂತು ನಡುಗುತ್ತಿದ್ದ ಹೆಂಗಸರಿಗೆ ವಿಲ್ಮಾ ಕಂಬಳಿ ಹೊದಿಸಿದಳು, ಬಿಸಿ ಕಾಫಿ ಕೊಟ್ಟಳು. ಕಾಫಿ ಎಂದಾಗ ಯಾರೂ ನಗಲಿಲ್ಲ.

ಆ ಸಂಜೆ ನಾಟಕ ನಿಲ್ಲಿಸೋಣ ಎಂದರೆ ರೂತಾನ್ ಕೇಳಲಿಲ್ಲ. ದುಡ್ಡು ಕೊಟ್ಟು ಬಂದದ್ದು ಕೊನೆ ನೋಡುವುದಕ್ಕೆ, ಎಂದು ಮೊಂಡು ಹಿಡಿದಳು. ದೊರೆ ತಲೆಗೆ ತಪ್ಪಲೆ ಕವುಚಿಕೊಂಡು ರಾಜ್ಯವಾಳಿದ. ಬದುಕಿ ಬಂದ ಖುಷಿಗೆ ಜನ ನಗಬೇಕಾದ್ದಕ್ಕಿಂತ ಹೆಚ್ಚೇ ನಕ್ಕರು. ಆಟ ಮುಗಿದ ಮೇಲೆ ರೂತಾನ್ ಚಪ್ಪಾಳೆ ತಟ್ಟಿ ಎಲ್ಲರನ್ನೂ ಸುಮ್ಮನಾಗಿಸಿದಳು.

"ಎಲ್ಲರೂ ಕೇಳಿ. ಇವತ್ತು ಆಗಿದ್ದು ನಮ್ಮಿಂದ. ಆಟ ಅಂದ್ಕೊಂಡು ಹಲ್ಲು ಕಿರ್ಕೊಂಡು ಕೂತ್ವಿ. ಇದಕ್ಕೆ ವಿಲ್ಮಾ ಕೆಲಸ ಹೋಗ್ಬೇಕಾ? ಡಸ್ಟಿ ನನಗೆ ಬೂಟಿನ ವಿಷಯ ಎಲ್ಲಾ ಹೇಳಿದ. ನಾಳೆ ದಡದಲ್ಲಿ ಯಾರೂ ಬಾಯಿ ಬಿಡಬಾರದು. ನನ್ನ ಕಾಲು ಕಲ್ಲು ಎಡವಿ ಊದಿದ್ದು, ಪೆಟ್ಟಿಗೆ ಹಗ್ಗ ಬಿಚ್ಚಿ ಬಿದ್ದಿದ್ದು. ಒಪ್ಪಿಗೆ ತಾನೇ?"

ಎಲ್ಲರೂ ಕೈ ಎತ್ತಿದರು. ಎಮ್ಮೆಟ್ ಎರಡೂ ಕೈ ಎತ್ತಿದ. ಅವನ ಮುಖ ನೋಡಲಾಗುತ್ತಿರಲಿಲ್ಲ. "ನೀನು ಅವತ್ತೇ ಹೇಳಿದ್ದೆ ಕ್ಯಾಪ್ಟನ್," ಅಂದ ಮೆಲ್ಲಗೆ. "ಆ ಮಾತು ಆಟಕ್ಕೆ ಬೇಡ ಅಂತ. ಬರೆದವನು ನಾನು. ಇದು ನನ್ನ ಪಾಪ."

ವಿಲ್ಮಾ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅವಳಿಗೆ ನಾಲಿಗೆ ಎತ್ತುವಷ್ಟೂ ಬಲವಿರಲಿಲ್ಲ. ಭುಜ ಬೇರು ಸಮೇತ ಕಿತ್ತಂತೆ ನೋಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಇವರೆಲ್ಲ ಇಷ್ಟು ಸುಲಭವಾಗಿ ಹುಟ್ಟನ್ನು ತನ್ನ ಕೈಗೆ ಮರಳಿ ಇಡುತ್ತಿದ್ದಾರೆ, ಸುಮ್ಮನೆ ಇದ್ದರೆ ಸಾಕು. ಆಗಲಿ, ಅಂದುಕೊಂಡಳು. ತಪ್ಪೇನು? ಅವರು ನಕ್ಕಿದ್ದು ಸುಳ್ಳೇ?

ಪಾತ್ರೆ ತೊಳೆಯಲು ಕೂತಾಗ ರೂತಾನ್ ಕುಂಟುತ್ತಾ ಬಂದು, ಒರೆಸುವ ಬಟ್ಟೆ ಎತ್ತಿಕೊಂಡಳು.

"ಹೋಗಿ ಮಲಗಿ. ಆ ಕಾಲಿಟ್ಕೊಂಡು ಯಾಕೆ ಬಂದ್ರಿ?"

"ನನಗೆ ಸಮಾಧಾನ ಇಲ್ಲ ವಿಲ್ಮಾ. ಜೀವಮಾನ ಎಲ್ಲ ಮಕ್ಕಳಿಗೆ ಹೇಳಿದ್ದೇ ಅದು, ಕೂಗಿದಾಗ ಕೇಳಿಸ್ಕೊಳ್ಳಿ ಅಂತ. ನಾನೇ ಚಪ್ಪಾಳೆ ತಟ್ಟಿದೆ. ನನ್ನ ಪಕ್ಕ ಕೂತಿದ್ದ ಮಾರ್ಜಿಗೆ ಈಜು ಬರಲ್ಲ, ಗೊತ್ತಾ? ಅವಳೇನಾದ್ರೂ ಹೋಗಿದ್ರೆ ನನ್ನ ಕೈಯಿಂದ ಹೋದ ಹಾಗೆ." ಅವಳು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು. "ನನ್ನ ಕ್ಷಮಿಸಿಬಿಡಿ."

"ಆಯ್ತು ಬಿಡಿ," ಅಂದಳು ವಿಲ್ಮಾ. ಅಂದ ಕೂಡಲೇ ಬಾಯಲ್ಲಿ ಏನೋ ಕಹಿ ಕಹಿ ಅನಿಸಿತು.

ಯಾಕೆಂದರೆ ಅವಳಿಗೆ ಗೊತ್ತಿತ್ತು. ನೀರಿಗೆ ಬಿದ್ದ ಕ್ಷಣದಿಂದಲೂ ಗೊತ್ತಿತ್ತು. ದೋಣಿ ತಿರುಗಿದಾಗ ಅವಳು ಕೂಗಿದ್ದಳು, ಸರಿ. ಕೂಗಿದ ಮರುಗಳಿಗೆಯೇ ಎಳೆಯಬೇಕಾದ ಎಡಗೈ ಎಳೆಯಲಿಲ್ಲ. ಹುಟ್ಟು ಹಿಡಿದ ಎರಡು ಕೈಯೂ ಗಾಳಿಯಲ್ಲಿ ನಿಂತುಬಿಟ್ಟಿದ್ದವು, ಬೆರಳೂ ಅಲ್ಲಾಡದೆ. ಎದುರಿಗೆ ಬಂಡೆ ಬರುತ್ತಿತ್ತು, ಹೆಂಗಸರು ನಗುತ್ತಿದ್ದರು, ಮತ್ತು ವಿಲ್ಮಾ ಟ್ರಾಸ್ಕ್ ಆ ನಗು ಇಳಿಯಲಿ ಎಂದು ಕಾಯುತ್ತಿದ್ದಳು.

ಮರುದಿನದ ನೀರು ಶಾಂತ. ಹೊಗೆಯಲ್ಲಿ ದಡವೇ ಸರಿಯಾಗಿ ಕಾಣುತ್ತಿರಲಿಲ್ಲ. ಯಾರೂ ಹಾಡಲಿಲ್ಲ. ರೂತಾನ್ ಕಾಲು ಚಾಚಿಕೊಂಡು ಕೂತು ಆಗಾಗ ಮಾರ್ಜಿಯ ಕೈ ಮುಟ್ಟಿ ನೋಡುತ್ತಿದ್ದಳು, ಇದ್ದಾಳೋ ಇಲ್ಲವೋ ಎಂಬಂತೆ. ಪ್ರತಿ ಸಲ ಅವಳು ಹಾಗೆ ಮಾಡಿದಾಗ ವಿಲ್ಮಾ ದೃಷ್ಟಿ ಬೇರೆ ಕಡೆ ಹೊರಳಿಸುತ್ತಿದ್ದಳು. ಈ ಮುದುಕಿ ಇನ್ನುಳಿದ ದಿನವೆಲ್ಲ ಹೀಗೇ ಮುಟ್ಟಿ ನೋಡುತ್ತಾಳೆ ಎಂದು ಅವಳಿಗೆ ಅನಿಸಿತು. ತನ್ನದಲ್ಲದ ಗಂಟನ್ನು ಹೊತ್ತು ಬಾಯ್ಸಿಗೆ ಹೋಗುತ್ತಾಳೆ. ಮುಂದಿನ ಜೂನ್‌ನಲ್ಲಿ ನಾನು ಇಲ್ಲಿ ಹುಟ್ಟು ಎಳೆಯುತ್ತಿರುತ್ತೇನೆ.

ಸೇತುವೆಯ ಕೆಳಗೆ ಕೋರಾ ವ್ಯಾನು ತಂದು ನಿಲ್ಲಿಸಿದ್ದಳು. ಬ್ರೆಡ್ಡು, ಹಂದಿ ಮಾಂಸ, ಐಸಿನಲ್ಲಿಟ್ಟ ಬಿಯರ್ ಡಬ್ಬಿಗಳು.

"ಹೇಗಿತ್ತು?" ಎಂದಳು.

"ಬಹಳ ಚೆನ್ನಾಗಿತ್ತು!" ಎಂದು ಎಲ್ಲರೂ ಒಂದೇ ಉಸಿರಿಗೆ, ಬೇಕಾದ್ದಕ್ಕಿಂತ ಜೋರಾಗಿ ಕೂಗಿದರು. ಹಾಡುಗಾರ್ತಿಯರಲ್ಲವೇ, ತಾಳ ತಪ್ಪಲಿಲ್ಲ. ಕೋರಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ರೂತಾನ್‌ಳ ಮೊಣಕಾಲು ನೋಡಿದಳು. ಎಮ್ಮೆಟ್ ಆಕಾಶ ನೋಡತೊಡಗಿದ.

ವಿಲ್ಮಾ ದೋಣಿಯ ಅಂಚಿನ ಮೇಲೆ ಕೂತು ಬೂಟಿನ ದಾರ ಬಿಚ್ಚಲು ಶುರು ಮಾಡಿದಳು.

"ವಿಲ್ಮಾ," ಡಸ್ಟಿ ಹಲ್ಲು ಕಚ್ಚಿ ಪಿಸುಗುಟ್ಟಿದ. "ಸುಮ್ನಿರು. ಮಾತಾಗಿದೆಯಲ್ಲ."

"ಒಂದು ಡಬ್ಬಿ ಎಸಿ ಇಲ್ಲಿ."

"ತಲೆ ಕೆಟ್ಟಿದೆಯಾ ನಿನಗೆ?"

"ಎಸಿ ಅಂದ್ನಲ್ಲ."

ಅವನು ಎಸೆಯಲಿಲ್ಲ. ಅವಳೇ ಎದ್ದು, ಒಂದು ಕಾಲಲ್ಲಿ ಬೂಟು, ಒಂದು ಕಾಲು ಬರಿಗಾಲು, ಕಲ್ಲಿನ ಮೇಲೆ ತಡವರಿಸುತ್ತಾ ಹೋಗಿ ಐಸಿನಿಂದ ಡಬ್ಬಿ ತೆಗೆದುಕೊಂಡಳು. ಕೋರಾಳ ಎದುರಿಗೆ ಬಂದು ನಿಂತಳು.

"ನಿನ್ನೆ ಹಂದಿಗಂಟಲಲ್ಲಿ ಮಗುಚಿದೆ. ಎಲ್ಲರೂ ನೀರಿಗೆ ಬಿದ್ರು."

"ಅದು ನಮ್ಮ ತಪ್ಪು!" ರೂತಾನ್ ಮುಂದೆ ನುಗ್ಗಿದಳು. "ಅವರು ಕೂಗಿದ್ರು, ನಾವು ನಗ್ತಾ ಕೂತ್ವಿ—"

"ನೀವು ನಗದೇ ಇದ್ರೂ ಮಗುಚ್ತಿತ್ತು," ಅಂದಳು ವಿಲ್ಮಾ. ಅವಳು ಕೋರಾ ಕಡೆ ನೋಡುವುದನ್ನು ಬಿಟ್ಟು ರೂತಾನ್ ಕಡೆ ತಿರುಗಿದ್ದಳು. "ಕೇಳಿಸ್ಕೊಳ್ಳಿ ಟೀಚರೇ. ನೀವೆಲ್ಲ ಬಂಡೆ ಕಡೆ ಬಿದ್ದಿದ್ರೆ ಒಳ್ಳೇದಿತ್ತು, ನಿಜ. ಆದ್ರೆ ಅದಕ್ಕೂ ಮುಂಚೆ ನಾನು ಒಂದು ಹುಟ್ಟು ಎಳೀಬೇಕಿತ್ತು. ಒಂದೇ ಒಂದು. ಎಳೀಲಿಲ್ಲ. ಕೈ ಎತ್ಕೊಂಡು ಕೂತಿದ್ದೆ, ನಗು ಇಳೀಲಿ ಅಂತ. ನೀವು ನನ್ನ ಮಾತು ಕೇಳಲಿಲ್ಲ ಅಂತಲ್ಲ, ನನ್ನ ಮಾತನ್ನ ನಾನೇ ಕೇಳಲಿಲ್ಲ. ಇದನ್ನ ಬಾಯ್ಸಿಗೆ ಹೊತ್ಕೊಂಡು ಹೋಗ್ಬೇಡಿ. ಇದು ನಂದು."

ರೂತಾನ್‌ಳ ಕಣ್ಣಲ್ಲಿ ನೀರು ತುಂಬಿತು, ಅವಳು ಅಲ್ಲೇ ಮರಳಿನ ಮೇಲೆ ಕೂತುಬಿಟ್ಟಳು.

ಪದ್ಧತಿಯಂತೆ ಎಲ್ಲರೂ ಕೇಕೆ ಹಾಕಿ ಚಪ್ಪಾಳೆ ತಟ್ಟಬೇಕು. ಯಾರೂ ತಟ್ಟಲಿಲ್ಲ. ವಿಲ್ಮಾ ಬೂಟಿಗೆ ಬಿಯರ್ ಸುರಿದು, ಗಟಗಟ ಕುಡಿದು, ಮರಳು ಉಗುಳಿ, ಬಾಯೊರೆಸಿಕೊಂಡಳು. ಕೋರಾ ಅವಳನ್ನು ವ್ಯಾನಿನ ಮರೆಗೆ ಕರೆದುಕೊಂಡು ಹೋದಳು.

"ಆಂಟಿ, ಯಾಕೆ ಹೇಳಿದೆ? ಸುಮ್ಮನೆ ಇದ್ದಿದ್ರೆ ನನಗೂ ಗೊತ್ತಾಗ್ತಿರಲಿಲ್ಲ. ಇವತ್ತೇ ಕೊನೇ ದಿನ ಅಲ್ವಾ? ಅಪ್ಪನ ಕಾಲದ ನಿಯಮ ಅದು, ಬೇಕಾದ್ರೆ ನಾನು..."

"ನಿಮ್ಮಪ್ಪ ತನಗೇ ಆ ನಿಯಮ ಬಿಡಲಿಲ್ಲ. ನನಗೇನು ಬಿಡೋದು? ಕೀಲಿ ತಾ."

"ಬಿಯರ್ ಕುಡಿದು ವ್ಯಾನ್ ಓಡಿಸ್ತೀಯಾ? ಆಚೆ ಕಡೆ ಹತ್ತಿ ಕೂತ್ಕೋ. ಇವತ್ತು ನಾನೇ ಓಡಿಸ್ತೀನಿ."

ಹೀಗೆ ವಿಲ್ಮಾ ಹ್ಯಾಂಕ್ ಅವತ್ತು ಕೂತಿದ್ದ ಸೀಟಿನಲ್ಲೇ ಕೂತಳು, ಒದ್ದೆ ಬೂಟನ್ನು ಮಡಿಲಲ್ಲಿಟ್ಟುಕೊಂಡು. ಹಿಂದೆ ಹಾಡುಗಾರ್ತಿಯರು ಒಬ್ಬರ ಹೆಗಲಿಗೊಬ್ಬರು ಒರಗಿ ಆಗಲೇ ತೂಕಡಿಸುತ್ತಿದ್ದರು. ರೂತಾನ್ ಕೂಡ ಬಾಯಿ ತೆರೆದು ನಿದ್ದೆ ಹೋಗಿದ್ದಳು, ಎರಡೂ ಕೈ ತನ್ನ ತೊಡೆಯ ಮೇಲಿದ್ದವು. ರಸ್ತೆ ಕಣಿವೆಯಿಂದ ಮೇಲಕ್ಕೇರಿತು. ನದಿ ಕೆಳಗೆ ಹೊಗೆಯೊಳಗೆ ಉಳಿಯಿತು.

ಈಗ ಎದೆ ಒಡೆಯುತ್ತದೆ ಎಂದು ವಿಲ್ಮಾ ಕಾದಳು. ಜೂನ್‌ನಿಂದ ಹೆದರಿದ್ದು ಈ ಗಳಿಗೆಗೇ ತಾನೇ? ಒಂದು ತಿರುವು ಕಳೆಯಿತು, ಇನ್ನೊಂದು ಕಳೆಯಿತು. ಭುಜ ತಾನಾಗಿಯೇ ಕೆಳಗಿಳಿದು ಸೀಟಿಗೆ ಒರಗಿತು. ಎಷ್ಟೋ ವರ್ಷದಿಂದ ಬಿಗಿ ಹಿಡಿದಿದ್ದ ಯಾವುದೋ ಗಂಟು ಸಡಿಲವಾದಂತೆ ಉಸಿರು ಹೊಟ್ಟೆಯ ತನಕ ಇಳಿಯಿತು. ನಾಳೆ ಬೆಳಗ್ಗೆ ಎಣ್ಣೆ ಹಚ್ಚಬೇಕಾಗಿಲ್ಲ. ಯಾರಿಗೂ ಏನನ್ನೂ ಬಚ್ಚಿಡಬೇಕಾಗಿಲ್ಲ. ಅವಳಿಗೆ ಹಾಯೆನಿಸಿತು. ಹಾಯೆನಿಸಿದ್ದು ಅರಿವಾದ ಕೂಡಲೇ ಅವಳು ಬೂಟಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

"ಅಳಬೇಡ ಆಂಟಿ," ಕೋರಾ ಗಾಬರಿಯಾದಳು. "ಮುಂದಿನ ಜೂನ್‌ಗೆ ಮತ್ತೆ ನೋಡೋಣ. ಹುಟ್ಟು ಎಲ್ಲಿಗೂ ಹೋಗಲ್ಲ."

"ಅದು ಹೋಯ್ತು ಅಂತ ಅಳ್ತಿಲ್ಲ ಕಣೇ."

"ಮತ್ತೆ?"

"ಹೋಯ್ತು ಅಂದ ತಕ್ಷಣ ಹಗುರ ಆಯ್ತು. ಅಷ್ಟು ವರ್ಷದ್ದು. ಇಷ್ಟೇನಾ ಅನ್ನೋ ಹಾಗೆ."

ಕೋರಾಳ ಮುಖ ಬಿಗಿಯಾಯಿತು, ಕಣ್ಣು ರಸ್ತೆಯ ಮೇಲೇ ನೆಟ್ಟವು. ವಿಲ್ಮಾ ಆ ಮುಖ ನೋಡಿ ಗುರುತು ಹಿಡಿದಳು. ಹ್ಯಾಂಕ್ ಸಿಳ್ಳೆ ಹಾಕಿದ ದಿನ ತನ್ನದೇ ಮುಖ ಹಾಗಿತ್ತು. ಈ ಹುಡುಗಿಗೆ ಹೇಳಿ ಅರ್ಥ ಮಾಡಿಸುವಂಥದ್ದಲ್ಲ ಅದು. ವಿಲ್ಮಾ ಅಂಗಿಯ ತೋಳಿನಲ್ಲೇ ಮೂಗೊರೆಸಿಕೊಂಡು, ಕಿಟಕಿಯ ಗಾಜು ಇಳಿಸಿ, ಬೂಟಿನಲ್ಲಿ ಉಳಿದಿದ್ದ ಬಿಯರನ್ನು ಹೊರಗೆ ಚೆಲ್ಲಿದಳು.